ಏಳು ಚೌಕದ ನೀರು

ಮೊದಲಿಗೆ ನಾ ನಕ್ಕೆ.
ಗಿಡದ ಬೊಡ್ಡಿ ಕಡದು ತಗದ್ರೂ
ಮ್ಯಾಲಿನ ತಪ್ಪಲ ಗಾಳ್ಯಾಗ ಹಂಗ ನಿಂತಿತ್ತು.
ಕಂಬ ಕಿತ್ರೂ ಮಾಳಿಗಿ ಬೀಳಲಿಲ್ಲ.
"ಯಾವ ಇಂಜಿನಿಯರ್ ಪಾಸ್ ಮಾಡ್ಯಾನೋ ಇದನ್ನ" ಅಂದೆ.
ಗುರುಪಾದ ಫೋನಿನಿಂದ ಮಾರಿ ಎತ್ತಲಿಲ್ಲ.

ಪುಣೆ, ಸೂಸ ರಸ್ತೆ, ಪತ್ರಾ ಶೆಡ್ಡು.
ಒಳಗ ಒಂಬತ್ತು ಮಂದಿ, ಒಂದ ಚಾರ್ಜರು.
ಹಗಲೆಲ್ಲಾ ಬಾಣೇರದಾಗ, ಹದಿನಾಕನೇ ಮಾಳಿಗ್ಯಾಗ
ಟೈಲ್ಸ್ ಕೂಡಿಸಿ ಕೂಡಿಸಿ
ಮೊಣಕಾಲ ಚಿಪ್ಪು ನಮ್ಮವಲ್ಲ ಅನಸತಾವ.
ರಾತ್ರಿ ಪಲ್ಯ ಕುದಿಯೂತನಾ
ಮತ್ತ ಕಟ್ಟತೀವಿ.
ಕೂಲಿ ಇಲ್ಲ, ಹಾಜರಿ ಇಲ್ಲ.
ಇದಕ್ಕ ಏನಂತಾರ, ನೀವ ಹೇಳ್ರಿ.
ಲಾರಿ ಡ್ರೈವರ್ ಮನಿಗಿ ಹೋಗಿ
ಹೊರಸಿನ ಮ್ಯಾಲ ಕುಂತು ಗೇರ್ ಹಾಕತಾನೇನು?

ಗೆಲ್ಲೂದು ಯಾವಾಗ ಅಂತ ಕೇಳಿದೆ.
ಗೆಲ್ಲೂದಿಲ್ಲ ಅಂದ.
ಸೋಲೂದು?
ಅದೂ ಇಲ್ಲ ಕಾಕಾ.
ಹಂಗಾದ್ರ ಮುಗಿಯೂದು?
ಚಾರ್ಜ್ ಹೋದಾಗ.

ಲಾಲಸಾಬ ಬರೇ ಮೆಟ್ಟಲಾ ಕಟ್ಟತಾನ.
ಮೋಡ ದಾಟಿ ಏರಿಸಿ, ತುದ್ಯಾಗ ಒಂದು ಕುರ್ಚಿ ಇಟ್ಟು
ಇಳದು ಬಂದ. ತಾನೂ ಕೂಡಲಿಲ್ಲ.
ಚಡಚಣದ ಸಿದಗೊಂಡ ಕಟ್ಟೂದ ಇಲ್ಲ, ಅಗಿತಾನ.
ಮೂರು ರಾತ್ರಿ ಅಗದು, ಒಡಿಯಲಾರದ ಕಲ್ಲು ಬಂದಾಗ
"ಸಿಕ್ತು!" ಅಂತ ಚೀರಿದ.
ಏನು ಸಿಕ್ತಪಾ?
"ತಳಾ."
ಅವತ್ತು ಎರಡು ರೊಟ್ಟಿ ಜಾಸ್ತಿ ತಿಂದು ಮಲಗಿದ.

ನನ್ನ ಪಾಳಿ ಬಂದಾಗ ನಾ ಬಚ್ಚಲ ಕಟ್ಟಿದೆ.
ಹೊಟ್ಟಿ ಹಿಡಕೊಂಡು ನಕ್ರು:
ಇಷ್ಟು ನೆಲಾ ಬಿದ್ದೈತಿ, ಹೇಳಾವ್ರಿಲ್ಲ ಕೇಳಾವ್ರಿಲ್ಲ,
ಅರಮನಿ ಬಿಟ್ಟು ಮೋರಿ ಕಟ್ಟಿದಿ!
ಏನ್ ಮಾಡ್ಲಿ, ಕೈಗಿ ಗೊತ್ತಿದ್ದದ್ದು ಅದ.
ಇಳಕಲ ಕೊಡಾಕ ನೋಡಿದೆ, ಅಲ್ಲಿ ಇಳಕಲ ಇಲ್ಲ,
ಎಲ್ಲಾ ಚೌಕ.
ಒಂದು ಬಕೆಟ್ ಸುರುವಿದೆ.
ನೀರು ಏಳು ಚೌಕ ಹರದು ನಿಂತಬಿಡ್ತು.
ಮುಂದ ಗೋಡಿ ಇಲ್ಲ, ಒಡ್ಡು ಇಲ್ಲ,
ಯಾರೋ ಒಳಗಿಂದ "ಸಾಕು" ಅಂದಂಗ.

ಆ ರಾತ್ರಿ ನಂಗ ನಿದ್ದಿ ಹತ್ತಲಿಲ್ಲ.

ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸಾ ಅಂದ್ರ
ನೀರಿಗಿ ದಾರಿ ತೋರಿಸೂದು.
ಮೀಟರಿಗಿ ಒಂದು ಬೆರಳು ಇಳಕಲ,
ಕಣ್ಣಿಗಿ ಕಾಣಬಾರದು, ನೀರಿಗಿ ಕಾಣಬೇಕು.
ಚಾವಿ ಕೊಡೂ ಮುಂಚೆ ನಾ ಒಬ್ಬನ ಒಳಗ ಹೋಗಿ
ಬರಿಗಾಲಾಗ ನಿಂತು ಒಂದು ಮಗ್ಗು ಸುರುವತೀನಿ.
ಅದು ಮೊದಲ ಅನಮಾನ ಮಾಡತೈತಿ,
ಆಮ್ಯಾಲ ಮೂಲ್ಯಾಗಿನ ಜಾಳಿ ಹುಡಿಕ್ಕೊಂಡು ಹೋಗತೈತಿ.
ಪೂರಾ ಹೋಗೂತನಾ ಕುಂತ ನೋಡತೀನಿ.
ಬೀಡಿ ಸೈತ ಹಚ್ಚೂದಿಲ್ಲ.

ಹೋದ ಸಲ ೧೪೦೩ರಾಗ ಲೆವಲ್ ಪಟ್ಟಿ ಬಿಟ್ಟು ಬಂದಿದ್ದೆ.
ಎಂಟು ದಿನದ ಮ್ಯಾಲ ಹೋದ್ರ
ಗೇಟಿನ್ಯಾಗ ಹೊಸಾ ವಾಚಮನ್ನು, ಕೈಯಾಗ ವಹಿ.
"ಕುಣಾಕಡೆ?" ಅಂದ. ಯಾರ ಕಡೆ?
ನಂಗ ಹೆಸರು ಗೊತ್ತಿರಲಿಲ್ಲ.
ಆ ಮನ್ಯಾಗ ಯಾವ ಟೈಲ್ಸಿನ ತಳಗ
ಸಿಮೆಂಟು ಒಂದು ಹಿಡಿ ಕಮ್ಮಿ ಬಿದ್ದೈತಿ, ಅದು ಗೊತ್ತು.
ಅದನ್ನ ವಹಿಯಾಗ ಬರಿಯಾಕ ಆಗೂದಿಲ್ಲಲ್ಲ.
ಪಟ್ಟಿ ಅಲ್ಲೇ ಉಳೀತು.
ಹೊಸಾದಕ್ಕ ನಾಕುನೂರ ಐವತ್ತು.

ಮಾರ್ಚಿನ್ಯಾಗ ಗುರುಪಾದನ ಫೋನು
ಸಿಮೆಂಟ್ ಹಾಲಿನ ಬುಟ್ಟ್ಯಾಗ ಬಿತ್ತು.
ಮೆಟ್ಟಲಾ, ಕುರ್ಚಿ, ತಳಾ, ನನ್ನ ಬಚ್ಚಲ,
ಎಲ್ಲಾ ಹೋತು.
ಅವತ್ತು ಪಲ್ಯಾಕ್ಕ ಉಪ್ಪು ಹಾಕೂದು ಮರತ್ರು,
ಯಾರೂ ಕೇಳಲಿಲ್ಲ.
ಎರಡನೇ ಪಗಾರದಾಗ ಜೂನಾ ಬಾಜಾರದಿಂದ
ಗಾಜು ಒಡದದ್ದೊಂದು ತಂದ.
ತೆರದ್ರ, ಬರೇ ಹುಲ್ಲು.
ಅಂಚಿನತನಾ ಹುಲ್ಲು, ಅಂಚೂ ಇಲ್ಲ.
ಒಂಬತ್ತು ತಲಿ ಒಂದ ಬೆಳಕಿನ ಮ್ಯಾಲ ಬಗ್ಗಿದ್ವು.

"ಕಾಕಾ, ಮೊದಲ ಏನು?"
ಬಚ್ಚಲ ಅಂದೆ. ಈ ಸಲ ಯಾರೂ ನಗಲಿಲ್ಲ.
ಎಂಟನೇ ಚೌಕಕ್ಕ ಒಂದು ಜಾಳಿ ಇಡು.
"ಅಲ್ಲಿತನಾ ನೀರು ಬರೂದಿಲ್ಲ ಕಾಕಾ."
ಗೊತ್ತೈತಿ.
ಇಡು.